ಗದ್ದೆಯಲ್ಲೇ ಸುಡುವ ಡೀಸೆಲ್ಲಿಗೆ ರಸ್ತೆ ಸೆಸ್ ಯಾಕೆ?

ಎಂಟನೆಯ ತರಗತಿಯ ‘ಕಲ್ಲಿದ್ದಲು ಮತ್ತು ಪೆಟ್ರೋಲಿಯಂ’ ಪಾಠದಲ್ಲಿ ಪೆಟ್ರೋಲಿಯಂನ ಘಟಕಗಳು ಮತ್ತು ಅವುಗಳ ಉಪಯೋಗಗಳ ಒಂದು ಕೋಷ್ಟಕವಿದೆ. ಡೀಸೆಲ್ ಎಂಬ ಹೆಸರಿನ ಮುಂದೆ ಎರಡು ಉಪಯೋಗ ಕೊಟ್ಟಿದ್ದಾರೆ: ಭಾರಿ ಮೋಟಾರು ವಾಹನ ಮತ್ತು ವಿದ್ಯುತ್ ಜನರೇಟರ್. ಒಂದು ರಸ್ತೆಯ ಮೇಲೆ ಓಡುವುದು, ಇನ್ನೊಂದು ಇಟ್ಟಲ್ಲಿಂದ ಕದಲದ್ದು. ಪಾಠ ಮಾಡುವಾಗ ನಾವು ಈ ಸಾಲನ್ನು ಓದಿಸಿ ಮುಂದಕ್ಕೆ ಹೋಗುತ್ತೇವೆ. ಕ್ಯಾಂಪ್ ಪ್ರದೇಶದ ಶಾಲೆಯಲ್ಲಿ ಈ ಪಾಠ ಮಾಡಿದಾಗ ಮಕ್ಕಳ ಕುತೂಹಲವೆಲ್ಲ ಮೇಲಿನ ಸಾಲಿನ ಸೀಮೆಎಣ್ಣೆಯ ಮೇಲಿತ್ತು. ವಿಮಾನಕ್ಕೂ ಸ್ಟೋವಿಗೂ ಒಂದೇ ಎಣ್ಣೆಯೇ ಎಂದು ಕೇಳಿದರು. ಖಾನಾಪುರ ತಾಲ್ಲೂಕಿನ ಶಾಲೆಯಲ್ಲಿ ಮಾತ್ರ ತರಗತಿ ಡೀಸೆಲ್ ಸಾಲಿನಲ್ಲೇ ನಿಂತಿತು. ಡೀಸೆಲ್ ಬೆಲೆಯಲ್ಲಿ ರಸ್ತೆ ಸೆಸ್ಸೂ ಸೇರಿದೆ ಎಂದು ನಾನು ಹೇಳಿದ್ದೇ ತಡ, ಮನೆಯಲ್ಲಿ ಪವರ್ ಟಿಲ್ಲರ್ ಇರುವ ಒಬ್ಬ ಹುಡುಗಿ ಎದ್ದಳು: “ಸರ್, ನಮ್ಮ ಟಿಲ್ಲರ್ ಗದ್ದಿ ಬಿಟ್ಟು ರೋಡಿಗೆ ಬರೂದ ಇಲ್ಲ. ಅದಕ್ಕೂ ರಸ್ತೆ ರೊಕ್ಕ ಯಾಕ ಕೊಡಬೇಕ್ರಿ?”

ಇದು ವಿಜ್ಞಾನದ ಪ್ರಶ್ನೆಯೋ ಸಮಾಜ ವಿಜ್ಞಾನದ್ದೋ ಎಂದು ಪಾಠವೀಕ್ಷಣೆಗೆ ಬಂದವರು ಕೇಳಬಹುದು. ಎರಡೂ ಹೌದು, ಉತ್ತರದ ಅರ್ಧ ರಸಾಯನಶಾಸ್ತ್ರದಲ್ಲೇ ಇದೆ. ನಮ್ಮ ಸಹ ಪ್ರಶಿಕ್ಷಣಾರ್ಥಿಗಳಿಗೂ ಇದೇ ಪ್ರಶ್ನೆ ಎದುರಾದೀತು ಎಂದು ಆ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಇಂಧನದ ಮೇಲೆ ರಸ್ತೆಯ ಹಣ ಎತ್ತುವ ಯೋಚನೆ ಎಲ್ಲಿಂದ ಬಂತು ಎಂಬುದು. ಬೆಳಗಾವಿ ಮುಂಬೈ ಪ್ರಾಂತದಲ್ಲಿದ್ದ ಕಾಲ. 1927ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಭಾರತೀಯ ರಸ್ತೆ ಅಭಿವೃದ್ಧಿ ಸಮಿತಿ ರಚನೆಯಾಯಿತು. ಅದರ ಶಿಫಾರಸಿನ ಮೇರೆಗೆ 1929ರಲ್ಲಿ ಕೇಂದ್ರ ರಸ್ತೆ ನಿಧಿ ಹುಟ್ಟಿತು. ಗ್ಯಾಲನ್ ಪೆಟ್ರೋಲಿಗೆ 2 ಆಣೆ ಹೆಚ್ಚುವರಿ ತೆರಿಗೆ, ಆ ಹಣ ರಸ್ತೆಗೆ. ಆಗ ಇದರ ತರ್ಕ ಸರಳವಾಗಿತ್ತು. ಪೆಟ್ರೋಲ್ ಸುಡುತ್ತಿದ್ದುದು ಹೆಚ್ಚಾಗಿ ಮೋಟಾರು ಗಾಡಿಗಳು. ಹೆಚ್ಚು ಓಡಿದವನು ಹೆಚ್ಚು ಸುಡುತ್ತಾನೆ, ಹೆಚ್ಚು ಸುಟ್ಟವನು ಹೆಚ್ಚು ಕೊಡುತ್ತಾನೆ. ಪ್ರತಿ ಗಾಡಿಯ ಹಿಂದೆ ಒಬ್ಬ ಗುಮಾಸ್ತನನ್ನು ಕೂರಿಸಿ ಮೈಲು ಎಣಿಸಬೇಕಾಗಿಲ್ಲ; ಬಂಕಿನ ಮೀಟರೇ ಎಣಿಸುತ್ತದೆ.

ಡೀಸೆಲ್ ಬಂದಮೇಲೆ ಈ ತರ್ಕ ಸಡಿಲವಾಯಿತು. ಲಾರಿ ಬಸ್ಸುಗಳ ಜೊತೆಗೆ ನೀರೆತ್ತುವ ಪಂಪು, ಟ್ರ್ಯಾಕ್ಟರ್, ಟಿಲ್ಲರ್, ಕಲ್ಲುಗಣಿಯ ಯಂತ್ರ, ಜೆಸಿಬಿ, ಮೊಬೈಲ್ ಟವರಿನ ಜನರೇಟರ್, ಮೀನುಗಾರರ ದೋಣಿ ಎಲ್ಲವೂ ಅದೇ ಎಣ್ಣೆಯನ್ನು ಸುಡುತ್ತವೆ. ರಸ್ತೆ ಸವೆಸದ ಲೀಟರೂ ರಸ್ತೆಗೆ ಕೊಡುತ್ತದೆ. ಹುಡುಗಿ ಕೇಳಿದ್ದು ಇದನ್ನೇ.

ಕೆಲವು ದೇಶಗಳು ಇದಕ್ಕೆ ಬಣ್ಣದ ಉತ್ತರ ಕಂಡುಕೊಂಡಿವೆ. ಅಮೆರಿಕದಲ್ಲಿ ಹೊಲ, ಗಣಿ, ಕಟ್ಟಡ ಕೆಲಸಕ್ಕೆ ಬಳಸುವ ಡೀಸೆಲ್ಲಿಗೆ ಹೆದ್ದಾರಿ ತೆರಿಗೆ ಇಲ್ಲ, ಆದರೆ ಅದಕ್ಕೆ ಕೆಂಪು ಬಣ್ಣ ಬೆರೆಸಿರುತ್ತಾರೆ. ರಸ್ತೆಯ ಮೇಲಿನ ಲಾರಿಯ ಟ್ಯಾಂಕಿನಲ್ಲಿ ಆ ಕೆಂಪು ಕಂಡರೆ ದಂಡ: ಗ್ಯಾಲನ್ನಿಗೆ 10 ಡಾಲರ್ ಅಥವಾ 1000 ಡಾಲರ್, ಯಾವುದು ಹೆಚ್ಚೋ ಅದು. ಅಲ್ಲಿ ಡೀಸೆಲ್ಲಿನ ಮೇಲಿನ ಕೇಂದ್ರ ತೆರಿಗೆ ಗ್ಯಾಲನ್ನಿಗೆ 24.4 ಸೆಂಟ್. ಅದು ಬಹುತೇಕ ಪೂರ್ತಿಯಾಗಿ 1956ರಲ್ಲಿ ಸ್ಥಾಪನೆಯಾದ ಹೆದ್ದಾರಿ ನಿಧಿಗೆ ಹೋಗುತ್ತದೆ. ಹೀಗಾಗಿ ಒಬ್ಬ ಲಾರಿ ಮಾಲೀಕ 100 ಗ್ಯಾಲನ್ ಕೆಂಪು ಡೀಸೆಲ್ ಹಾಕಿಕೊಂಡು ಹೆದ್ದಾರಿಗೆ ಇಳಿದರೆ ರಸ್ತೆ ನಿಧಿಗೆ ನೇರವಾಗಿ 24 ಡಾಲರಿಗಿಂತ ಹೆಚ್ಚು ಖೋತಾ. ರಾಜ್ಯದ ತೆರಿಗೆಯ ನಷ್ಟ ಬೇರೆ. ರಸ್ತೆ ಮಾತ್ರ ಅಷ್ಟೇ ಸವೆದಿರುತ್ತದೆ. ಆ ತೆರಿಗೆ ದರ 1993ರಿಂದ ಏರಿಲ್ಲ, 2008ರಿಂದ ಆ ನಿಧಿಗೆ ಸಾಮಾನ್ಯ ಖಜಾನೆಯಿಂದ ಹಣ ತುಂಬುತ್ತ ಬಂದಿದ್ದಾರೆ. ಅಂಥ ನಿಧಿಗೆ ಕದ್ದ ಲೀಟರು ಸಣ್ಣ ಪೆಟ್ಟಲ್ಲ.

ಬಣ್ಣವನ್ನು ತೆಗೆಯಲು ಬರುವುದಿಲ್ಲವೇ? ಬರುತ್ತದೆ. ತರಗತಿಯಲ್ಲಿ ಇದನ್ನು ತೋರಿಸಲು ಡೀಸೆಲ್, ಸೀಮೆಎಣ್ಣೆ ಯಾವುದನ್ನೂ ತರಬೇಕಿಲ್ಲ, ತರಲೂಬಾರದು. ಒಂದು ಲೋಟ ನೀರಿಗೆ ಎರಡು ಹನಿ ನೀಲಿ ಶಾಯಿ ಹಾಕಿ, ಪುಡಿ ಮಾಡಿದ ಸಕ್ರಿಯ ಇದ್ದಿಲು ಬೆರೆಸಿ ಅಲುಗಾಡಿಸಿ ಸೋಸಿದರೆ ನೀರು ತಿಳಿಯಾಗುತ್ತ ಬರುತ್ತದೆ. ಬಣ್ಣದ ಅಣುಗಳು ಇದ್ದಿಲಿನ ಮೈಗೆ ಅಂಟಿಕೊಂಡಿರುತ್ತವೆ, ಇದು ಅಧಿಶೋಷಣೆ. ಐರ್ಲೆಂಡಿನ ಗಡಿ ಭಾಗದಲ್ಲಿ ಕಳ್ಳದಂಧೆಯವರು ಇದೇ ತತ್ವದ ಮೇಲೆ ಡೀಸೆಲ್ಲನ್ನು ‘ತೊಳೆದು’, ಉಳಿದ ವಿಷದ ಕೆಸರನ್ನು ರಸ್ತೆ ಬದಿಯಲ್ಲಿ ಸುರಿದು ಹೋಗುತ್ತಿದ್ದರು. ಆದ್ದರಿಂದ ಕಣ್ಣಿಗೆ ಕಾಣುವ ಬಣ್ಣದ ಜೊತೆ ಕಾಣದ ಗುರುತುಕಾರಕವನ್ನೂ ಬೆರೆಸುತ್ತಾರೆ. ಬ್ರಿಟನ್ನಿನಲ್ಲಿ ಬಳಸುವ ಕ್ವಿನಿಜರಿನ್ ಎಂಬ ವಸ್ತು ಎಣ್ಣೆಯಲ್ಲಿ ಗೊತ್ತಾಗದಷ್ಟು ಕಡಿಮೆ ಇರುತ್ತದೆ, ಪ್ರತ್ಯಾಮ್ಲ ತಗುಲಿದಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಇದರ ಮಾದರಿ ನಮ್ಮ ಪ್ರಯೋಗಾಲಯದಲ್ಲೇ ಇದೆ: ಬಣ್ಣವಿಲ್ಲದ ಫಿನಾಲ್ಫ್ತಲೀನ್ ದ್ರಾವಣಕ್ಕೆ ಸುಣ್ಣದ ತಿಳಿನೀರು ಹಾಕಿ. ಗುಲಾಬಿ ಬಣ್ಣ ಬಂದಾಗ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ. ಆಮ್ಲ-ಪ್ರತ್ಯಾಮ್ಲ ಸೂಚಕದ ಪಾಠ ತೆರಿಗೆ ಅಧಿಕಾರಿಯ ಕೈಯಲ್ಲಿ ಕೆಲಸ ಮಾಡುವುದನ್ನು ಇಷ್ಟು ಸುಲಭವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗಾದರೆ ನಮ್ಮಲ್ಲಿ ಯಾಕೆ ಹೀಗೆ ಬಣ್ಣ ಹಾಕಿ ರೈತರಿಗೆ ಬೇರೆ ಡೀಸೆಲ್ ಕೊಡುವುದಿಲ್ಲ? ಇಲ್ಲಿ ಮಕ್ಕಳಿಗಿಂತ ಅವರ ಅಜ್ಜಿಯರಿಗೆ ಹೆಚ್ಚು ಗೊತ್ತು. ಪಡಿತರ ಅಂಗಡಿಯ ಚಿಮಣಿ ಎಣ್ಣೆ ನೀಲಿಯಾಗಿರುತ್ತಿತ್ತಲ್ಲ, ಅದು ಇದೇ ಉಪಾಯ. ಬಡವರ ಮನೆಯ ದೀಪಕ್ಕೆಂದು ಸಹಾಯಧನದ ದರದಲ್ಲಿ ಕೊಡುವ ಸೀಮೆಎಣ್ಣೆ ಬೇರೆಡೆಗೆ ಹರಿಯಬಾರದೆಂದು ನೀಲಿ ಬಣ್ಣ. ಆದರೂ ಹರಿಯಿತು. 2000ದ ದಶಕದಲ್ಲಿ ಪಡಿತರ ಸೀಮೆಎಣ್ಣೆ ದೆಹಲಿಯಲ್ಲಿ ಲೀಟರಿಗೆ 9 ರೂಪಾಯಿಯ ಆಸುಪಾಸಿನಲ್ಲಿದ್ದಾಗ ಡೀಸೆಲ್ ಮೂವತ್ತು ದಾಟಿತ್ತು. ಇಷ್ಟು ಅಂತರವಿದ್ದಲ್ಲಿ ಬೆರಕೆ ಮಾಡುವವನಿಗೆ ಬಣ್ಣ ದೊಡ್ಡ ಅಡ್ಡಿಯಲ್ಲ. ಎರಡೂ ಹೈಡ್ರೋಕಾರ್ಬನ್‌ಗಳ ಮಿಶ್ರಣ, ಕುದಿಯುವ ಉಷ್ಣತೆಯ ವ್ಯಾಪ್ತಿ ಒಂದರ ಮೇಲೊಂದು ಹಾಯುತ್ತದೆ, ಸಾಂದ್ರತೆಯೂ ಹತ್ತಿರ ಹತ್ತಿರ. ಸ್ವಲ್ಪ ಬೆರೆಸಿದರೆ ಬಂಕಿನ ಹೈಡ್ರೋಮೀಟರ್ ಕೂಡ ಸುಲಭಕ್ಕೆ ಹಿಡಿಯುವುದಿಲ್ಲ. ಎಂಜಿನ್ನಿಗೆ ಮಾತ್ರ ಗೊತ್ತಾಗುತ್ತದೆ: ಸೀಮೆಎಣ್ಣೆಗೆ ಜಾರುಗುಣ ಕಡಿಮೆ, ಇಂಧನ ಪಂಪು ಬೇಗ ಸವೆಯುತ್ತದೆ. ಡೀಸೆಲ್ ಎಂದು ಮಾರಾಟವಾದ ಆ ಸೀಮೆಎಣ್ಣೆಯ ಮೇಲೆ ಡೀಸೆಲ್ಲಿನ ಸೆಸ್ ಕಟ್ಟಿರುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಲಾರಿ ರಸ್ತೆಯ ಮೇಲೆ ಓಡುತ್ತದೆ, ಟ್ಯಾಂಕಿನ ಒಂದು ಪಾಲು ರಸ್ತೆಗೆ ಏನೂ ಕೊಟ್ಟಿಲ್ಲ. ಅಮೆರಿಕದ ಕೆಂಪು ಡೀಸೆಲ್ ಮಾಡುವ ನಷ್ಟವನ್ನು ನಮ್ಮಲ್ಲಿ ನೀಲಿ ಸೀಮೆಎಣ್ಣೆ ಮಾಡಿತು.

ಇದರ ಬೆಲೆ ಬರೀ ದುಡ್ಡಿನಲ್ಲಿ ಮುಗಿಯಲಿಲ್ಲ. ಎಸ್. ಮಂಜುನಾಥ್ ನಮ್ಮ ಕೋಲಾರ ಚಿನ್ನದ ಗಣಿಯವರು. ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌದ ಐಐಎಂನಲ್ಲಿ ಎಂಬಿಎ ಮುಗಿಸಿ ಇಂಡಿಯನ್ ಆಯಿಲ್ ಸೇರಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಬೆರಕೆ ಮಾಡುತ್ತಿದ್ದ ಬಂಕಿಗೆ ಬೀಗ ಹಾಕಿಸಿ, ಮತ್ತೆ ತಪಾಸಣೆಗೆ ಹೋದಾಗ 2005ರ ನವೆಂಬರ್ 19ರಂದು ಗುಂಡಿಟ್ಟು ಕೊಂದರು. ಅವರಿಗಾಗ 27 ವರ್ಷ. ಇಲ್ಲಿ ಪ್ರಶಿಕ್ಷಣ ಪಡೆಯುತ್ತಿರುವ ನಮ್ಮಲ್ಲಿ ಬಹಳ ಜನರ ವಯಸ್ಸು ಅದಕ್ಕಿಂತ ದೂರವಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಆರು ಜನರ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. 2011ರ ಜನವರಿ 25ರಂದು ಮಹಾರಾಷ್ಟ್ರದ ಮನ್ಮಾಡ್ ಹತ್ತಿರ ಮಾಲೆಗಾಂವದ ಹೆಚ್ಚುವರಿ ಜಿಲ್ಲಾಧಿಕಾರಿ ಯಶವಂತ ಸೋನಾವಣೆಯವರನ್ನು ಎಣ್ಣೆ ಬೆರಕೆ ದಂಧೆಯವರು ಜೀವಂತ ಸುಟ್ಟರು. ಈ ಎರಡರ ನಡುವೆ, 2006ರಿಂದ, ಸೀಮೆಎಣ್ಣೆಗೆ ಕಾಣದ ಗುರುತುಕಾರಕವನ್ನೂ ಬೆರೆಸಿ ನೋಡಿ, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿದ್ದರು. ಎಂಟನೆಯ ತರಗತಿಗೆ ಈ ವಿವರಗಳನ್ನು ಎಷ್ಟು ಹೇಳಬೇಕು ಎಂಬುದು ಶಿಕ್ಷಕರ ವಿವೇಚನೆ. ನಾನು ಮಂಜುನಾಥರ ಹೆಸರು ಹೇಳಿದೆ, ಅವರು ಬೀಗ ಹಾಕಿಸಿದ ಕಾರಣ ಹೇಳಿದೆ.

ಒಂದೇ ದ್ರವಕ್ಕೆ ಎರಡು ದರವಿಟ್ಟರೆ ಅದು ಅಗ್ಗದ ಕಡೆಯಿಂದ ದುಬಾರಿ ಕಡೆಗೆ ಹರಿಯುತ್ತದೆ. ಇದಕ್ಕೆ ಕಳ್ಳರೇ ಬೇಕೆಂದಿಲ್ಲ. 2022ರ ಮಾರ್ಚ್‌ನಲ್ಲಿ ಸಗಟು ಡೀಸೆಲ್ ದರ ಲೀಟರಿಗೆ ಸುಮಾರು 25 ರೂಪಾಯಿ ಏರಿದಾಗ ಬಂಕಿನ ಚಿಲ್ಲರೆ ದರ ಹಾಗೇ ಇತ್ತು. ನಮ್ಮ ರಾಜ್ಯದ ಸಾರಿಗೆ ಬಸ್ಸುಗಳು ಡಿಪೋದ ಪಂಪು ಬಿಟ್ಟು ಊರಿನ ಬಂಕುಗಳಲ್ಲಿ ಸರದಿ ನಿಂತವು. ಕಾನೂನಿನ ಒಳಗೇ, ಸರ್ಕಾರದ ನಿಗಮವೇ ಮಾಡಿದ ಕೆಲಸವದು.

ಆದ್ದರಿಂದ ನಮ್ಮಲ್ಲಿ ಹಿಡಿದಿರುವ ದಾರಿ ಬೇರೆ: ಎಲ್ಲರಿಂದಲೂ ಬಂಕಿನಲ್ಲೇ ತೆಗೆದುಕೊಳ್ಳುವುದು, ಆಮೇಲೆ ಕೆಲವರಿಗೆ ಬೇರೆ ಬಾಗಿಲಿನಿಂದ ರಿಯಾಯಿತಿ ಕೊಡುವುದು. ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ರಾಜ್ಯ ಸರ್ಕಾರ ಮಾರಾಟ ತೆರಿಗೆಯಿಲ್ಲದ ಡೀಸೆಲ್ ಕೊಡುತ್ತದೆ. ಮಲ್ಪೆ, ಮಂಗಳೂರು, ಕಾರವಾರದ ದೋಣಿಗಳಿಗೆ ಇದು ದೊಡ್ಡ ಆಸರೆ. ಆದರೆ ಅದಕ್ಕೆ ಮಿತಿಯಿದೆ; ವರ್ಷಕ್ಕೆ 1.5 ಲಕ್ಷ ಕಿಲೋಲೀಟರ್ ಇದ್ದುದನ್ನು 2023ರ ಜುಲೈ ಬಜೆಟ್ಟಿನಲ್ಲಿ 2 ಲಕ್ಷಕ್ಕೆ ಏರಿಸಿದರು. ದೋಣಿಯನ್ನು ಎಣಿಸಬಹುದು, ಅದು ಬಂದರಿಗೇ ಬರಬೇಕು, ಹೀಗಾಗಿ ಕಾವಲು ಸಾಧ್ಯ. ಟ್ರ್ಯಾಕ್ಟರಿಗೆ ಅಂಥ ಬಂದರಿಲ್ಲ. ಅದಕ್ಕಾಗಿ 2022-23ರ ಬಜೆಟ್ಟಿನಲ್ಲಿ ಬಂದ ‘ರೈತ ಶಕ್ತಿ’ ಯೋಜನೆ ಲೀಟರನ್ನು ಎಣಿಸಲೇ ಇಲ್ಲ, ಎಕರೆಯನ್ನು ಎಣಿಸಿತು: ಎಕರೆಗೆ 250 ರೂಪಾಯಿ, ಗರಿಷ್ಠ 5 ಎಕರೆ, ಹಣ ನೇರ ಬ್ಯಾಂಕ್ ಖಾತೆಗೆ. ಡೀಸೆಲ್ ಒಂದೇ ಬೆಲೆಯದು, ಆದ್ದರಿಂದ ಕದ್ದು ಮಾರಲು ಏನೂ ಇಲ್ಲ. ಸ್ವಂತ ಯಂತ್ರವಿಲ್ಲದೆ ಬಾಡಿಗೆಗೆ ಉಳುಮೆ ಮಾಡಿಸುವ ಸಣ್ಣ ರೈತನಿಗೂ ಸಿಗುತ್ತಿತ್ತು. ಜಾಣತನದ ಯೋಚನೆ. ಆದರೆ ಪಹಣಿಯಲ್ಲಿ ಹೆಸರಿಲ್ಲದೆ ಲಾವಣಿಗೆ ಗದ್ದೆ ಮಾಡುವವನು ಡೀಸೆಲ್ ಸುಡುತ್ತಾನೆ, ಹಣ ಭೂಮಾಲೀಕನ ಖಾತೆಗೆ ಹೋಗುತ್ತಿತ್ತು. ಖಾನಾಪುರದ ತರಗತಿಯಲ್ಲಿ ಇದನ್ನು ನಾನು ಹೇಳುವ ಮೊದಲೇ ಮಕ್ಕಳು ಹೇಳಿದರು.

ಇನ್ನು ಲೆಕ್ಕ. ‘ಪರಿಮಾಣಗಳ ಹೋಲಿಕೆ’ ಘಟಕಕ್ಕೆ ಇದು ಸಿದ್ಧ ಸಾಮಗ್ರಿ. ಪೆಟ್ರೋಲ್, ಡೀಸೆಲ್ ಎರಡೂ ಜಿಎಸ್‌ಟಿಯ ಹೊರಗಿವೆ. 2025ರ ಏಪ್ರಿಲ್‌ನಲ್ಲಿ ಒಂದು ಲೀಟರ್ ಡೀಸೆಲ್ಲಿನ ಮೇಲೆ ಕೇಂದ್ರದ ಸುಂಕ ಹೀಗಿತ್ತು: ಮೂಲ ಅಬಕಾರಿ ಸುಂಕ 1.80 ರೂಪಾಯಿ, ವಿಶೇಷ ಹೆಚ್ಚುವರಿ ಸುಂಕ 10, ಕೃಷಿ ಮೂಲಸೌಕರ್ಯ ಸೆಸ್ 4, ರಸ್ತೆ ಮತ್ತು ಮೂಲಸೌಕರ್ಯ ಸೆಸ್ 2, ಒಟ್ಟು 17.80. ಅದೇ ಏಪ್ರಿಲ್ 1ರಂದು ಕರ್ನಾಟಕದ ಮಾರಾಟ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ ಏರಿ, ಬೆಂಗಳೂರಿನಲ್ಲಿ ಲೀಟರ್ ಡೀಸೆಲ್ ಸುಮಾರು 91 ರೂಪಾಯಿ ಆಯಿತು. ಅದರಲ್ಲಿ ರಾಜ್ಯದ ಪಾಲು ಹದಿನೈದು ರೂಪಾಯಿ ದಾಟುತ್ತದೆ. ಎಲ್ಲ ಸೇರಿ ಲೀಟರಿಗೆ ಮೂವತ್ತು ರೂಪಾಯಿಗಿಂತ ಹೆಚ್ಚು ತೆರಿಗೆ, ಅದರಲ್ಲಿ ರಸ್ತೆಯ ಹೆಸರಿನದು 2 ರೂಪಾಯಿ.

ಮಕ್ಕಳಿಗೆ ಇದು ಆಶ್ಚರ್ಯ, ನನಗೂ ಆಗಿತ್ತು. ಆದರೆ ಈ 2 ಯಾವಾಗಲೂ 2 ಆಗಿರಲಿಲ್ಲ. 2018ರಲ್ಲಿ 8 ಇತ್ತು. 2020ರ ಮೇ ತಿಂಗಳಲ್ಲಿ 18ಕ್ಕೆ ಏರಿತು, 2021ರ ನವೆಂಬರ್‌ನಲ್ಲಿ ಮತ್ತೆ 8ಕ್ಕೆ, 2022ರ ಮೇ ತಿಂಗಳಲ್ಲಿ 2ಕ್ಕೆ ಇಳಿಯಿತು. ಒಂದು ಟಿಲ್ಲರ್ ಗಂಟೆಗೆ ಒಂದೂವರೆ ಲೀಟರ್ ಸುಡುತ್ತದೆ, ಸ್ವಂತ ಎರಡು ಎಕರೆಯ ಜೊತೆ ಬಾಡಿಗೆ ಕೆಲಸವೂ ಸೇರಿ ವರ್ಷಕ್ಕೆ 200 ಗಂಟೆ ದುಡಿಯುತ್ತದೆ ಎಂದು ಲೆಕ್ಕಕ್ಕೆ ಹಿಡಿಯೋಣ. 300 ಲೀಟರ್. ರಸ್ತೆ ಸೆಸ್ 2 ರೂಪಾಯಿ ಇದ್ದರೆ ವರ್ಷಕ್ಕೆ 600. 18 ರೂಪಾಯಿ ಇದ್ದ ಕಾಲದ ದರದಲ್ಲಿ 5,400. ಎರಡು ಎಕರೆಗೆ ರೈತ ಶಕ್ತಿಯಿಂದ ಬರುತ್ತಿದ್ದುದು 500. ಈ ಮೂರು ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಬಿಟ್ಟರೆ ಚರ್ಚೆ ತಾನಾಗಿ ನಡೆಯುತ್ತದೆ, ನಾವು ಪಕ್ಷ ಹಿಡಿಯಬೇಕಿಲ್ಲ.

ಆ ಸೆಸ್ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಉತ್ತರ ಬೇಕು. 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆಯ ಮೊದಲ ಹಂಚಿಕೆಯಲ್ಲಿ ಡೀಸೆಲ್ ಸೆಸ್ಸಿನ ಅರ್ಧ ಗ್ರಾಮೀಣ ರಸ್ತೆಗಳಿಗೆ ಮೀಸಲಿತ್ತು. ಅದೇ ವರ್ಷದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾಯಿತು. ಹಳ್ಳಿಗಳಲ್ಲಿ ಆ ಯೋಜನೆಯ ನಾಮಫಲಕ ಇರುತ್ತದೆ. ಮಕ್ಕಳಿಗೆ ಹುಡುಕಿಕೊಂಡು ಬರಲು ಹೇಳಬಹುದು. ಅಂದರೆ ಗದ್ದೆಯ ಡೀಸೆಲ್ ಕೊಟ್ಟ ಹಣದ ಒಂದು ಪಾಲು ಗದ್ದೆಯ ಹತ್ತಿರದ ರಸ್ತೆಗೇ ಬಂದಿದೆ. 2018ರಲ್ಲಿ ನಿಧಿಯ ಹೆಸರಿಗೆ ‘ಮೂಲಸೌಕರ್ಯ’ ಸೇರಿತು, ರೈಲು, ಜಲಮಾರ್ಗ, ಆಸ್ಪತ್ರೆ, ಶಾಲೆಗಳೂ ಅದರ ವ್ಯಾಪ್ತಿಗೆ ಬಂದವು. ಹಣ ಮೊದಲು ಭಾರತದ ಸಂಚಿತ ನಿಧಿಗೆ ಹೋಗಿ, ಸಂಸತ್ತಿನ ಒಪ್ಪಿಗೆಯ ಮೇಲೆ ಈ ನಿಧಿಗೆ ಬರುತ್ತದೆ. ಸೆಸ್ ಆಗಿರುವುದರಿಂದ ಹಣಕಾಸು ಆಯೋಗದ ಲೆಕ್ಕದಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೊತ್ತದಲ್ಲಿ ಇದು ಸೇರುವುದಿಲ್ಲ. ಹುಡುಗಿಯ ಪ್ರಶ್ನೆಗಿಂತ ಈ ಕೊನೆಯ ಸಂಗತಿ ದೊಡ್ಡದು ಎಂದು ನನ್ನ ಅನಿಸಿಕೆ, ಆದರೆ ಅದು ಹತ್ತನೆಯ ತರಗತಿಯವರಿಗೆ.

ತರಗತಿಯಲ್ಲಿ ಇದಕ್ಕೆ ವಿರುದ್ಧ ವಾದವೂ ಬಂತು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರ್ ರಸ್ತೆ ಬಳಸುವುದಿಲ್ಲವೇ ಎಂದು ಒಬ್ಬ ಹುಡುಗ ಕೇಳಿದ. ಬಳಸುತ್ತದೆ, ಚೆನ್ನಾಗಿಯೇ ಬಳಸುತ್ತದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಬಂದ ಒಂದು ಅಂದಾಜು ಸೂತ್ರವಿದೆ: ರಸ್ತೆಯ ಸವೆತ ಆಕ್ಸಲ್ ಮೇಲಿನ ಭಾರದ ನಾಲ್ಕನೇ ಘಾತಕ್ಕೆ ಅನುಗುಣ. ಭಾರ ಎರಡು ಪಟ್ಟಾದರೆ ಸವೆತ ಹದಿನಾರು ಪಟ್ಟು. ಡೀಸೆಲ್ ಮಾತ್ರ ಹದಿನಾರು ಪಟ್ಟು ಸುಡುವುದಿಲ್ಲ. ಅಂದರೆ ಲೀಟರಿನ ಮೇಲಿನ ಸೆಸ್, ರಸ್ತೆಯ ಮೇಲೆ ಓಡುವವರ ನಡುವೆಯೂ ಸರಿಯಾದ ತಕ್ಕಡಿಯಲ್ಲ. ಬೆಳಗಾವಿ–ಖಾನಾಪುರ ಹೆದ್ದಾರಿಯಲ್ಲಿ ಸ್ಕೂಟರಿನಿಂದ ಹಿಡಿದು ಗೋವಾಕ್ಕೆ ಹೋಗುವ ಲಾರಿಯವರೆಗೆ ಎಲ್ಲವನ್ನೂ ದಿನಾ ನೋಡುವ ಮಕ್ಕಳಿಗೆ ಘಾತಾಂಕದ ಲೆಕ್ಕ ಹೀಗೆ ಕೊಟ್ಟರೆ ಬೇಗ ಹತ್ತುತ್ತದೆ.

ಅದೇ ಟ್ರ್ಯಾಕ್ಟರ್ ಜೂನ್‌ನಲ್ಲಿ ಗದ್ದೆಯಲ್ಲಿ, ಡಿಸೆಂಬರ್‌ನಲ್ಲಿ ಹೆದ್ದಾರಿಯಲ್ಲಿ. ಟ್ಯಾಂಕು ಒಂದೇ. ಬಣ್ಣದ ಡೀಸೆಲ್ ಕೊಟ್ಟಿದ್ದರೆ ಹಂಗಾಮು ಬಂದಾಗ ಟ್ಯಾಂಕು ಬರಿದು ಮಾಡಿ ತೊಳೆದು ಬೇರೆ ತುಂಬಿಸಬೇಕಾಗುತ್ತಿತ್ತು, ಅದನ್ನು ನೋಡಲು ರಸ್ತೆಗೊಬ್ಬ ಅಧಿಕಾರಿ ಬೇಕಾಗುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಹಂಗಾಮಿಗೆ ಎಷ್ಟು ಟ್ರ್ಯಾಕ್ಟರ್ ರಸ್ತೆಗಿಳಿಯುತ್ತವೆ ಎಂದು ನೋಡಿದವರಿಗೆ ಆ ಕೆಲಸ ಎಂಥದ್ದೆಂದು ಗೊತ್ತು. ಹುಡುಗಿಯ ಟಿಲ್ಲರ್ ಕೊಡುವ 2 ರೂಪಾಯಿ ನ್ಯಾಯವೇ ಎಂದರೆ, ಅಲ್ಲ ಎಂದೇ ನಾನು ಹೇಳುತ್ತೇನೆ. ಅದನ್ನು ಬಂಕಿನಲ್ಲಿ ಬಿಡುವುದಕ್ಕಿಂತ ಖಾತೆಗೆ ಹಿಂದಿರುಗಿಸುವುದು ಸುಲಭ, ಆದರೆ ಹಿಂದಿರುಗಿಸುವಾಗ ಪಹಣಿಯ ಹೆಸರನ್ನಷ್ಟೇ ನೋಡದೆ ಉಳುವವನನ್ನೂ ನೋಡಬೇಕು ಎಂಬುದು ನನ್ನ ನಿಲುವು. ತರಗತಿಯಲ್ಲಿ ಇದನ್ನು ನನ್ನ ಅಭಿಪ್ರಾಯವೆಂದೇ ಹೇಳಿದೆ.

ಈ ಪಾಠ ತೆಗೆದುಕೊಳ್ಳುವವರಿಗೆ ಒಂದೆರಡು ಮಾತು. ಇದಕ್ಕೆ ಎರಡು ಅವಧಿ ಬೇಕು: ಮೊದಲನೆಯದು ಬಣ್ಣ, ಅಧಿಶೋಷಣೆ, ಸೂಚಕಕ್ಕೆ, ಎರಡನೆಯದು ಲೆಕ್ಕಕ್ಕೆ. ಸುಂಕದ ದರಗಳು ಒಂದೇ ರಾತ್ರಿಯಲ್ಲಿ ಬದಲಾಗುತ್ತವೆ. ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಯೋಜನೆ ಮತ್ತು ವಿಶ್ಲೇಷಣಾ ಕೋಶ ಪ್ರಕಟಿಸುವ ಕೋಷ್ಟಕವನ್ನು ಪಾಠದ ಹಿಂದಿನ ದಿನ ನೋಡಿಕೊಂಡು ಮೇಲಿನ ಅಂಕಿಗಳ ಜಾಗದಲ್ಲಿ ಆ ದಿನದ ಅಂಕಿ ಹಾಕಿಕೊಳ್ಳಿ. ಮಕ್ಕಳಿಗೆ ಮನೆಯಿಂದ ಬಂಕಿನ ಚೀಟಿ ತರಲು ಹೇಳಿದರೆ ಸಾಕು. ಅದರಲ್ಲಿ ದರ, ಲೀಟರ್, ಮೊತ್ತ ಇರುತ್ತವೆ, ತೆರಿಗೆ ಇರುವುದಿಲ್ಲ. ತೆರಿಗೆಯ ಸಾಲು ಚೀಟಿಯಲ್ಲಿ ಯಾಕಿಲ್ಲ ಎಂದು ಖಾನಾಪುರದ ತರಗತಿ ಕೇಳಿದೆ, ಅದನ್ನು ಮುಂದಿನ ಸಂಚಿಕೆಗೆ ಬರೆಯುವವರು ಯಾರಾದರೂ ಇದ್ದರೆ ನನ್ನ ಪಾಠ ಟಿಪ್ಪಣಿ ಕೊಡುತ್ತೇನೆ.